ಯೀಸ್ಟ್‌ನ ಮಿಯೋಸಿಸ್: ಡಿಎನ್‌ಎ ಕತ್ತರಿಸುವುದು ಸ್ಪೋ11. ಎಲ್ಲಿ ಕತ್ತರಿಸಬೇಕು, ಯಾರನ್ನು ನೋಡಿ ಜೋಡಿಸಬೇಕು ಅಂತ ಹೇಳುವುದು ಯಾರು?

ತುಮಕೂರು ಬಯಾಲಜಿ

ಎಲ್ಲರಿಗೂ ನಮಸ್ಕಾರ. ನಾನು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳಿಕೊಡುತ್ತೇನೆ. ಈ ವಾರ ಮಿಯೋಸಿಸ್, ಅಂದರೆ ಕ್ರೋಮೋಸೋಮ್ ಸಂಖ್ಯೆ ಅರ್ಧಕ್ಕಿಳಿಯುವ ಕೋಶ ವಿಭಜನೆಯ ಪಾಠ ನಡೆಯುತ್ತಿದೆ. ಬೋರ್ಡಿನ ಮೇಲೆ ಅಮ್ಮನ ಕಡೆಯ ಕ್ರೋಮೋಸೋಮನ್ನು ಕೆಂಪು ಚಾಕ್‌ಪೀಸಿನಲ್ಲಿ, ಅಪ್ಪನ ಕಡೆಯದನ್ನು ನೀಲಿಯಲ್ಲಿ ಬರೆದೆ. ಎರಡಕ್ಕೂ ನಕಲು ಆಗಿರುತ್ತದಲ್ಲ, ಹಾಗಾಗಿ ಎರಡು ಕೆಂಪು ಎಳೆ, ಎರಡು ನೀಲಿ ಎಳೆ. ನಡುವೆ ಕ್ರಾಸ್‌ಓವರ್, ಅಂದರೆ ಕೆಂಪೂ ನೀಲಿಯೂ ತುಂಡು ಅದಲುಬದಲು ಮಾಡಿಕೊಳ್ಳುವ ಜಾಗ.

ಒಬ್ಬಳು ಹುಡುಗಿ ಎದ್ದು ನಿಂತು ಕೇಳಿದಳು: "ಮಿಸ್, ಒಂದು ಕೆಂಪು ಎಳೆ ತುಂಡಾದರೆ ಅದಕ್ಕೆ ಅಂಟಿಕೊಂಡೇ ಇನ್ನೊಂದು ಕೆಂಪು ಇದೆ. ಎರಡೂ ಒಂದೇ ಥರ. ಅದನ್ನು ನೋಡಿ ರಿಪೇರಿ ಮಾಡಿಕೊಳ್ಳೋದು ಸುಲಭ ಅಲ್ವಾ? ಅಷ್ಟು ದೂರ ಇರೋ ನೀಲಿ ಹತ್ತಿರ ಯಾಕೆ ಹೋಗುತ್ತೆ?"

ಉತ್ತರ ಗೊತ್ತಿರಲಿಲ್ಲ. ಓದಿಕೊಂಡು ಬಂದು ಹೇಳುತ್ತೇನೆ ಅಂದೆ. ಎರಡು ರಾತ್ರಿ ಓದಿದೆ. ಸ್ಪೋ11 ಅನ್ನೋ ಪ್ರೋಟೀನ್ ಡಿಎನ್‌ಎ ಕತ್ತರಿಸುತ್ತದೆ ಅನ್ನುವಲ್ಲಿಯವರೆಗೆ ತಿಳಿಯಿತು. ಆದರೆ ಯೀಸ್ಟ್ ಬಗ್ಗೆ ಏನು ತೆರೆದರೂ ಹಾಪ್1, ರೆಡ್1 ಅನ್ನೋ ಎರಡು ಹೆಸರು ಬರುತ್ತವೆ. ಇವು ಕತ್ತರಿಸುವುದೂ ಇಲ್ಲ, ಅಂಟಿಸುವುದೂ ಇಲ್ಲ. ಆದರೂ ಇವಿಲ್ಲದಿದ್ದರೆ ಏನೂ ನಡೆಯುವುದಿಲ್ಲವಂತೆ. ಗೊತ್ತಿರುವವರು ದಯವಿಟ್ಟು ಬಿಡಿಸಿ ಹೇಳಿ.

ಯೀಸ್ಟ್ ತಟ್ಟೆ

ಮೇಡಂ, ಆ ಹುಡುಗಿ ಕೇಳಿದ್ದು ಬಹಳ ದೊಡ್ಡ ಪ್ರಶ್ನೆ. ನಾನು ಐದು ವರ್ಷ ಯೀಸ್ಟ್‌ನ ಮಿಯೋಸಿಸ್ ಮೇಲೆಯೇ ಕೆಲಸ ಮಾಡಿದ್ದೇನೆ. ಹೆಚ್ಚೂ ಕಡಿಮೆ ಇದೇ ಪ್ರಶ್ನೆ. ಉದ್ದ ಆಗುತ್ತದೆ, ಸಮಾಧಾನವಾಗಿ ಓದಿ.

ಮೊದಲು ಯೀಸ್ಟೇ ಯಾಕೆ ಅಂತ. ಇದು ಬೇಕರಿಯಲ್ಲಿ ಬನ್ನು ಉಬ್ಬಿಸುವ ಅದೇ ಯೀಸ್ಟ್. ಸಕ್ಕರೆ ಸಿಕ್ಕರೆ ಮೊಗ್ಗು ಬಿಟ್ಟುಕೊಂಡು ಸುಮ್ನೆ ಬೆಳೆಯುತ್ತದೆ. ಉಪವಾಸ ಕೆಡವಿದರೆ, ಅಂದರೆ ಸಕ್ಕರೆಯೂ ಇಲ್ಲ, ಸಾರಜನಕವೂ ಇಲ್ಲ ಅನ್ನುವ ಹಾಗೆ ಪೊಟ್ಯಾಸಿಯಂ ಅಸಿಟೇಟ್ ನೀರಿನಲ್ಲಿ ಬಿಟ್ಟರೆ, ಮಿಯೋಸಿಸ್‌ಗೆ ಇಳಿಯುತ್ತದೆ. ಒಂದು ಕೋಶದಿಂದ ನಾಲ್ಕು ಸ್ಪೋರ್, ಅಂದರೆ ಬೀಜದಂಥ ಕೋಶ. ನಾಲ್ಕೂ ಒಂದೇ ಚೀಲದಲ್ಲಿ ಕೂತಿರುತ್ತವೆ. ಇದು ಎಂಥ ಅನುಕೂಲ ನೋಡಿ. ಹೆಣ್ಣಿನ ದೇಹದಲ್ಲಿ ಒಂದು ಅಂಡ ತಯಾರಾಗುವಾಗ ಉಳಿದ ಪಾಲುಗಳು ಕಳೆದುಹೋಗುತ್ತವೆ. ಯೀಸ್ಟ್‌ನಲ್ಲಿ ನಾಲ್ಕು ಪಾಲೂ ಕೈಗೆ ಸಿಗುತ್ತವೆ. ಯಾವ ತುಂಡು ಎಲ್ಲಿಗೆ ಹೋಯಿತು ಅಂತ ಪೂರ್ತಿ ಲೆಕ್ಕ ಹಾಕಬಹುದು. ಎಸ್‌ಕೆ1 ಅನ್ನೋ ತಳಿ ಇನ್ನೂ ಒಳ್ಳೆಯದು. ಫ್ಲಾಸ್ಕಿನಲ್ಲಿರುವ ಕೋಶಗಳೆಲ್ಲ ಹೆಚ್ಚೂ ಕಡಿಮೆ ಒಟ್ಟಿಗೇ ಹೆಜ್ಜೆ ಹಾಕುತ್ತವೆ. 30 ಡಿಗ್ರಿಯಲ್ಲಿ ಇಟ್ಟರೆ ಮೂರ್ನಾಲ್ಕು ಗಂಟೆಗೆ ಡಿಎನ್‌ಎ ತುಂಡಾಗುವುದನ್ನು ಜೆಲ್ ಮೇಲೆ ಕಣ್ಣಾರೆ ನೋಡಬಹುದು.

ಈಗ ಕತ್ತರಿಯ ವಿಷಯ. 1997ರಲ್ಲಿ ಎರಡು ಗುಂಪುಗಳು ಎರಡು ದಾರಿಯಲ್ಲಿ ಬಂದು ಸ್ಪೋ11 ಮೇಲೆ ಬೆರಳಿಟ್ಟವು. ಸ್ಕಾಟ್ ಕೀನಿ, ಕ್ರೇಗ್ ಜಿರೂ, ನ್ಯಾನ್ಸಿ ಕ್ಲೆಕ್ನರ್ ಅವರು ಯೀಸ್ಟ್‌ನಲ್ಲಿ ತುಂಡಾದ ಡಿಎನ್‌ಎ ತುದಿಗೆ ಅಂಟಿಕೊಂಡಿದ್ದ ಪ್ರೋಟೀನನ್ನೇ ಹಿಡಿದು ನೋಡಿದರು. ಫ್ರಾನ್ಸ್‌ನ ಇನ್ನೊಂದು ಗುಂಪು ಬಿಸಿನೀರ ಬುಗ್ಗೆಯಲ್ಲಿ ಬದುಕುವ ಒಂದು ಸೂಕ್ಷ್ಮಜೀವಿಯ ಕಿಣ್ವ ಓದುತ್ತಿತ್ತು. ಅದು ಸ್ಪೋ11ರ ದೂರದ ನೆಂಟ ಅಂತ ತಿಳಿಯಿತು. ಒಂದು ಮಿಯೋಸಿಸ್‌ನಲ್ಲಿ ಯೀಸ್ಟ್ ತನ್ನ ಡಿಎನ್‌ಎಯನ್ನು ಸುಮಾರು 160 ಕಡೆ ಕತ್ತರಿಸಿಕೊಳ್ಳುತ್ತದೆ. ಅದರಲ್ಲಿ ಸುಮಾರು 90 ಕ್ರಾಸ್‌ಓವರ್ ಆಗುತ್ತವೆ. ಇಷ್ಟೆಲ್ಲ 16 ಜೋಡಿ ಕ್ರೋಮೋಸೋಮಿನ ಮೇಲೆ.

ಆದರೆ ಸ್ಪೋ11 ಒಂದೇ ಇದ್ದರೆ ಕೆಲಸ ಆಗುವುದಿಲ್ಲ. ಕ್ರೋಮೋಸೋಮ್ ಸರಿಯಾದ ಭಂಗಿಯಲ್ಲಿ ಕೂತಿರಬೇಕು. ಕೂರಿಸುವುದು ಹಾಪ್1, ರೆಡ್1 ಮತ್ತು ರೆಕ್8.

ಹೂ ಕಟ್ಟುವುದನ್ನು ನೋಡಿದ್ದೀರಲ್ಲ. ಬಾಳೆನಾರು ನಡುವೆ ಹೋಗುತ್ತದೆ. ಮಲ್ಲಿಗೆ ಎರಡೂ ಬದಿಗೆ ಚಾಚಿಕೊಂಡಿರುತ್ತದೆ. ತೊಟ್ಟು ಮಾತ್ರ ನಾರಿನ ಗಂಟಿನಲ್ಲಿ. ಮಿಯೋಸಿಸ್ ಹೊತ್ತಿನ ಕ್ರೋಮೋಸೋಮ್ ಹಾಗೇ ಇರುತ್ತದೆ. ನಡುವೆ ಪ್ರೋಟೀನಿನ ಒಂದು ಬೆನ್ನೆಲುಬು. ಅದರಿಂದ ಡಿಎನ್‌ಎ ಕುಣಿಕೆ ಕುಣಿಕೆಯಾಗಿ ಹೊರಗೆ ಚಾಚಿರುತ್ತದೆ. ರೆಕ್8 ಅನ್ನುವುದು ಎರಡು ಕೆಂಪು ಎಳೆಗಳನ್ನು ಒಟ್ಟಿಗೆ ಹಿಡಿದಿಡುವ ಉಂಗುರದ ಭಾಗ. ರೆಡ್1 ಉದ್ದಕ್ಕೆ ಹೆಣೆದುಕೊಂಡು ನಾರಾಗುತ್ತದೆ. ಹಾಪ್1 ಬಂದು ರೆಡ್1ಕ್ಕೆ ಕೊಂಡಿ ಹಾಕಿಕೊಳ್ಳುತ್ತದೆ.

ನಾನು ಹಾಪ್1 ಜೀನ್ ತೆಗೆದುಹಾಕಿದ ಯೀಸ್ಟ್‌ನ ಸ್ಪೋರ್‌ಗಳನ್ನು ಮೊದಲ ಸಲ ಬಿಡಿಸಿದ ದಿನ ಚೆನ್ನಾಗಿ ನೆನಪಿದೆ. ಸೂಕ್ಷ್ಮದರ್ಶಕದ ಕೆಳಗೆ ಕೂದಲಿನಷ್ಟು ತೆಳುವಾದ ಗಾಜಿನ ಸೂಜಿಯಿಂದ ಒಂದೊಂದೇ ಸ್ಪೋರ್ ಎತ್ತಿ ತಟ್ಟೆಯ ಮೇಲೆ ಸಾಲಾಗಿ ಇಡಬೇಕು. 20 ಚೀಲ, 80 ಸ್ಪೋರ್. ಪಕ್ಕದಲ್ಲಿ ಮಾಮೂಲಿ ಯೀಸ್ಟ್‌ನದ್ದು 80. ಎರಡು ದಿನ ಬಿಟ್ಟು ನೋಡಿದರೆ ಮಾಮೂಲಿ ತಟ್ಟೆಯಲ್ಲಿ ರಂಗೋಲಿ ಚುಕ್ಕಿ ಇಟ್ಟ ಹಾಗೆ ಸಾಲು ಸಾಲು ಬಿಳಿ ಚುಕ್ಕಿ. ಹಾಪ್1 ಇಲ್ಲದ ತಟ್ಟೆ ಪೂರ್ತಿ ಖಾಲಿ. ಆ ಖಾಲಿ ತಟ್ಟೆಯನ್ನು ನಾನು ತುಂಬ ಹೊತ್ತು ಕೈಯಲ್ಲಿ ಹಿಡಿದುಕೊಂಡಿದ್ದೆ.

ಹುಡುಗಿಯ ಪ್ರಶ್ನೆಗೆ ನೇರ ಉತ್ತರ ಮುಂದಿನ ಪೋಸ್ಟಿನಲ್ಲಿ ಬರೆಯುತ್ತೇನೆ. ಊಟ ಮುಗಿಸಿ ಬರುತ್ತೇನೆ.

ಬಿಎಸ್ಸಿ ಮೂರನೇ ವರ್ಷ

ಸರ್, ಹೂಮಾಲೆ ಹೋಲಿಕೆ ಚೆನ್ನಾಗಿದೆ. ಆದರೆ ಮಾಲೆಯಲ್ಲಿ ಒಂದೊಂದು ಹೂವೂ ಬೇರೆ ಬೇರೆ. ಇಲ್ಲಿ ಡಿಎನ್‌ಎ ಒಂದೇ ಉದ್ದ ಎಳೆ ಅಲ್ವಾ? ಅದೇ ಎಳೆ ಒಳಗೆ ಬಂದು, ಹೊರಗೆ ಹೋಗಿ, ಮತ್ತೆ ಒಳಗೆ ಬರುತ್ತದೆ. ಇನ್ನೊಂದು ಪ್ರಶ್ನೆ. ಸ್ಪೋರ್ ಎಲ್ಲಾ ಸತ್ತವು ಅಂದಿರಿ. ಕ್ರಾಸ್‌ಓವರ್ ಆಗದಿದ್ದರೆ ಜೀನ್ ಕಲಸುವುದು ತಪ್ಪುತ್ತದೆ ಅಷ್ಟೇ ಅಂದುಕೊಂಡಿದ್ದೆ. ಸಾಯುವುದು ಯಾಕೆ?

ಯೀಸ್ಟ್ ತಟ್ಟೆ

ನೀವು ಹೇಳಿದ್ದು ಸರಿ. ಹೂವಿನ ಬದಲು ಒಂದೇ ಉದ್ದ ದಾರವನ್ನು ಕುಣಿಕೆ ಕುಣಿಕೆಯಾಗಿ ನಾರಿಗೆ ಕಟ್ಟಿದ ಹಾಗೆ ಅಂತ ಓದಿಕೊಳ್ಳಿ.

ಸಾಯುವ ಕಾರಣ: ಕ್ರಾಸ್‌ಓವರ್‌ಗೆ ಎರಡು ಕೆಲಸ ಇದೆ. ಒಂದು ಜೀನ್ ಕಲಸುವುದು. ಇನ್ನೊಂದು, ಆ ಕ್ಷಣಕ್ಕೆ ಜಾಸ್ತಿ ಮುಖ್ಯವಾದದ್ದು, ಕೆಂಪು ಜೋಡಿಯನ್ನು ನೀಲಿ ಜೋಡಿಗೆ ಗಂಟು ಹಾಕುವುದು. ಎರಡು ಎತ್ತು ನೊಗಕ್ಕೆ ಕಟ್ಟಿದ್ದರೆ ತಾನೇ ಎರಡೂ ಬದಿ ಸಮ ಎಳೆತ ಸಿಗುವುದು? ಮೊದಲ ವಿಭಜನೆಯಲ್ಲಿ ಒಂದು ಈ ಕಡೆ, ಒಂದು ಆ ಕಡೆ ಹೋಗಬೇಕಾದರೆ ಮೊದಲು ಅವು ಒಂದಕ್ಕೊಂದು ಕಟ್ಟಿಕೊಂಡು ಎಳೆತ ಅನುಭವಿಸಬೇಕು. ಗಂಟಿಲ್ಲದಿದ್ದರೆ ಯಾವುದು ಯಾವ ಕಡೆ ಹೋಗುತ್ತದೆ ಅನ್ನುವುದು ಅದೃಷ್ಟ. ಒಂದು ಜೋಡಿ ಸರಿ ಹೋಗುವ ಸಾಧ್ಯತೆ ಅರ್ಧ. 16 ಜೋಡಿಯೂ ಸರಿ ಹೋಗಬೇಕಾದರೆ ಅರ್ಧವನ್ನು 16 ಸಲ ಗುಣಿಸಿ. 65,536ರಲ್ಲಿ ಒಂದು.

ಅದಕ್ಕೇ ಈ ಪ್ರೋಟೀನ್‌ಗಳ ಹೆಸರು ಹಾಗಿವೆ. ರೆಡ್1 ಅಂದರೆ ಬಣ್ಣದ ಮಾತಲ್ಲ. ಕ್ರೋಮೋಸೋಮ್ ಸಂಖ್ಯೆ ಅರ್ಧಕ್ಕಿಳಿಯುವ ಆ ಮೊದಲ ವಿಭಜನೆಯ ಇಂಗ್ಲಿಷ್ ಹೆಸರಿನ ಮೊದಲ ಅಕ್ಷರಗಳು. ಬೆತ್ ರಾಕ್‌ಮಿಲ್ ಮತ್ತು ಶರ್ಲೀನ್ ರೋಡರ್ 1988ರಲ್ಲಿ ಕೊಟ್ಟದ್ದು. ಹಾಪ್1ರ ಹೆಸರು ಜೊತೆಗಾರ ಕ್ರೋಮೋಸೋಮ್‌ಗಳು ಜೋಡಿಯಾಗುವುದರಿಂದ ಬಂತು. ನ್ಯಾನ್ಸಿ ಹಾಲಿಂಗ್ಸ್‌ವರ್ತ್ ಮತ್ತು ಬ್ರೆಕ್ ಬೈಯರ್ಸ್, 1989.

ಯೀಸ್ಟ್ ತಟ್ಟೆ

ಈಗ ಮೇಡಂ ಅವರ ಪ್ರಶ್ನೆಗೆ.

ಮಾಮೂಲಿ ಕೋಶ ವಿಭಜನೆಯಲ್ಲಿ, ಅಂದರೆ ಮೈಟೋಸಿಸ್‌ನಲ್ಲಿ, ಡಿಎನ್‌ಎ ತುಂಡಾದರೆ ಕೋಶ ಆ ಹುಡುಗಿ ಹೇಳಿದ್ದನ್ನೇ ಮಾಡುತ್ತದೆ. ಪಕ್ಕದ ಕೆಂಪನ್ನು, ಅಂದರೆ ಸೋದರ ಎಳೆಯನ್ನು ನೋಡಿ ರಿಪೇರಿ ಮಾಡಿಕೊಳ್ಳುತ್ತದೆ. ಜೆರಾಕ್ಸ್ ಪ್ರತಿ ಪಕ್ಕದಲ್ಲೇ ಇರುವಾಗ ಇನ್ನೊಬ್ಬರ ಮನೆಗೆ ಯಾಕೆ ಹೋಗಬೇಕು? ಮಿಯೋಸಿಸ್‌ನಲ್ಲಿ ಹೀಗೆ ಮಾಡಿದರೆ ಡಿಎನ್‌ಎ ಸರಿಹೋಗುತ್ತದೆ. ಆದರೆ ಕೆಂಪು ನೀಲಿ ನಡುವೆ ಗಂಟು ಬೀಳುವುದಿಲ್ಲ. ಆಮೇಲೆ ಸ್ಪೋರ್ ಸಾಯುತ್ತದೆ. ಹಾಗಾಗಿ ಮಿಯೋಸಿಸ್‌ನಲ್ಲಿ ಸುಲಭದ ದಾರಿಯನ್ನು ಬೇಕೆಂದೇ ಮುಚ್ಚಬೇಕು. ಮುಚ್ಚುವುದು ಬೆನ್ನೆಲುಬಿನ ಪ್ರೋಟೀನ್‌ಗಳು.

ಸ್ಪೋ11 ಕತ್ತರಿಸಿದ ತಕ್ಷಣ ಕೋಶದ ಎಚ್ಚರಿಕೆ ಗಂಟೆ ಬಾರಿಸುತ್ತದೆ. ಮೆಕ್1 ಮತ್ತು ಟೆಲ್1 ಅನ್ನೋ ಎರಡು ಕೈನೇಸ್‌ಗಳು ಎಚ್ಚರಗೊಳ್ಳುತ್ತವೆ. ಕೈನೇಸ್ ಅಂದರೆ ಬೇರೆ ಪ್ರೋಟೀನಿಗೆ ಫಾಸ್ಫೇಟ್ ಮುದ್ರೆ ಒತ್ತುವ ಕಿಣ್ವ. ಇವು ಹತ್ತಿರದಲ್ಲೇ ಬೆನ್ನೆಲುಬಿನ ಮೇಲೆ ಕೂತಿರುವ ಹಾಪ್1ಕ್ಕೆ ಮುದ್ರೆ ಒತ್ತುತ್ತವೆ. ಮುದ್ರೆ ಬಿದ್ದ ಹಾಪ್1ಕ್ಕೆ ಇನ್ನೊಂದು ಕೈನೇಸ್ ಬಂದು ಅಂಟಿಕೊಳ್ಳುತ್ತದೆ.

ಇಲ್ಲಿ ಕನ್ನಡದಲ್ಲಿ ಒಂದು ತೊಂದರೆ ಇದೆ. ಈ ಹೊಸ ಕೈನೇಸಿನ ಹೆಸರೂ ಕನ್ನಡದಲ್ಲಿ ಬರೆದರೆ ಮೆಕ್1 ಅಂತಲೇ ಆಗುತ್ತದೆ. ಇಂಗ್ಲಿಷಿನಲ್ಲಿ ಒಂದು 'ಸಿ'ಯಿಂದ, ಇನ್ನೊಂದು 'ಕೆ'ಯಿಂದ ಮುಗಿಯುತ್ತದೆ. ಗೊಂದಲ ಬೇಡ ಅಂತ 'ಸಿ'ಯದನ್ನು ಗಂಟೆ-ಮೆಕ್ ಅಂತಲೂ, 'ಕೆ'ಯದನ್ನು ಬಾಗಿಲು-ಮೆಕ್ ಅಂತಲೂ ಕರೆಯುತ್ತೇನೆ. ಇವು ನಾನು ಇಲ್ಲಿ ಇಟ್ಟುಕೊಂಡ ಹೆಸರು, ಪುಸ್ತಕದಲ್ಲಿ ಸಿಗುವುದಿಲ್ಲ.

ಬಾಗಿಲು-ಮೆಕ್ ಹಾಪ್1 ಮೇಲೆ ಕೂತ ಮೇಲೆ ಸೋದರ ಎಳೆಯ ಕಡೆಗಿನ ಬಾಗಿಲು ಹಾಕುತ್ತದೆ. ತುಂಡಾದ ತುದಿಯನ್ನು ಹಿಡಿದುಕೊಂಡು ಜೋಡಿ ಹುಡುಕುವ ಪ್ರೋಟೀನ್‌ಗಳು ಎರಡು. ರಾಡ್51 ಮತ್ತು ಡಿಎಂಸಿ1. ಮೈಟೋಸಿಸ್‌ನಲ್ಲಿ ರಾಡ್51 ಒಂದೇ ಈ ಕೆಲಸ ಮಾಡುತ್ತದೆ. ಡಿಎಂಸಿ1 ಮಿಯೋಸಿಸ್‌ಗೆ ಮಾತ್ರ ಬರುವುದು. ರಾಡ್51ಕ್ಕೆ ರಾಡ್54 ಅನ್ನೋ ಸಹಾಯಕ ಬೇಕು. ಬಾಗಿಲು-ಮೆಕ್ ಆ ರಾಡ್54ಕ್ಕೆ ಮುದ್ರೆ ಒತ್ತಿ ರಾಡ್51ರಿಂದ ದೂರ ಇಡುತ್ತದೆ. ಹೆಡ್1 ಅನ್ನೋ ಇನ್ನೊಂದು ಪ್ರೋಟೀನೂ ರಾಡ್51ರ ಕೈ ಹಿಡಿದುಕೊಳ್ಳುತ್ತದೆ. ಹಾಗಾಗಿ ಡಿಎಂಸಿ1 ಮುಂದಾಳು. ರಾಡ್51 ಸ್ಥಳದಲ್ಲೇ ಇದ್ದು ಅದಕ್ಕೆ ನೆರವು ಕೊಡುತ್ತದೆ. ತುದಿ ನೀಲಿಯ ಕಡೆ ಹೊರಡುತ್ತದೆ.

ಇದಕ್ಕೆ ಸಾಕ್ಷಿ ಏನು ಅಂತ ಮಕ್ಕಳು ಕೇಳುತ್ತಾರೆ, ಕೇಳಬೇಕು. ಹಾಲಿಂಗ್ಸ್‌ವರ್ತ್ ಅವರ ಲ್ಯಾಬ್ 2004ರಲ್ಲಿ ಪ್ರಕಟಿಸಿದ ಪ್ರಯೋಗ ನನಗೆ ಬಹಳ ಇಷ್ಟ. ಡಿಎಂಸಿ1 ಇಲ್ಲದ ಯೀಸ್ಟ್ ತಗೊಂಡರು. ಅದರಲ್ಲಿ ಡಿಎನ್‌ಎ ತುಂಡಾಗುತ್ತದೆ, ರಿಪೇರಿ ಆಗುವುದಿಲ್ಲ, ಕೋಶ ಅಲ್ಲೇ ನಿಂತುಬಿಡುತ್ತದೆ. ರಾಡ್51 ಇದೆ, ಪಕ್ಕದಲ್ಲಿ ಸೋದರ ಎಳೆಯೂ ಇದೆ. ಆದರೂ ಮುಟ್ಟುತ್ತಿಲ್ಲ. ಅದೇ ತಳಿಯಲ್ಲಿ ಬಾಗಿಲು-ಮೆಕ್‌ನ ಜೀನನ್ನು ಸ್ವಲ್ಪ ತಿದ್ದಿದ್ದರು. ಒಂದು ರಾಸಾಯನಿಕ ಹಾಕಿದರೆ ಮಾತ್ರ ಅದು ಕೆಲಸ ನಿಲ್ಲಿಸುವ ಹಾಗೆ. ನಿಂತುಹೋಗಿದ್ದ ಕೋಶಗಳಿಗೆ ಆ ರಾಸಾಯನಿಕ ಹಾಕಿದರು. ತುಂಡುಗಳೆಲ್ಲ ಬೇಗ ಬೇಗ ಸರಿಹೋದವು, ಸೋದರ ಎಳೆಯನ್ನು ನೋಡಿಕೊಂಡು. ಅಂದರೆ ದಾರಿ ಅಲ್ಲೇ ಇತ್ತು. ಯಾರೋ ಬಾಗಿಲು ಹಾಕಿ ಹಿಡಿದುಕೊಂಡಿದ್ದರು.

ಮೇಡಂ, ಆ ಹುಡುಗಿಗೆ ಹೇಳಿ: ನೀನು ಹೇಳಿದ್ದು ತಪ್ಪಲ್ಲ, ಸುಮ್ನೆ ಬಿಟ್ಟರೆ ಕೆಂಪು ಕೆಂಪನ್ನೇ ನೋಡುತ್ತದೆ. ಹಾಗೆ ನೋಡದಂತೆ ತಡೆಯುವುದಕ್ಕೇ ಹಾಪ್1, ರೆಡ್1 ಇರುವುದು.

ತುಮಕೂರು ಬಯಾಲಜಿ

ಸರ್, ಎರಡು ಸಲ ಓದಿದೆ. ತುಂಬಾ ಧನ್ಯವಾದ. 'ಬಾಗಿಲು' ಅನ್ನೋದನ್ನು ಹಾಗೇ ಕ್ಲಾಸಿಗೆ ತಗೊಂಡು ಹೋಗುತ್ತೇನೆ.

ಹಳೇ ಬೆಂಗಳೂರು

ಹಾಪ್1 ಹೆಸರು ನೋಡಿ ಬರೆಯಬೇಕು ಅನ್ನಿಸಿತು. ಈ ಪ್ರೋಟೀನಿನ ಮೇಲೆ ನಮ್ಮ ಬೆಂಗಳೂರಿನಲ್ಲೇ ಒಳ್ಳೆಯ ಕೆಲಸ ಆಗಿದೆ. ಟಾಟಾ ಇನ್‌ಸ್ಟಿಟ್ಯೂಟ್ ಅಂತ ಊರಿನವರು ಕರೆಯುತ್ತಾರಲ್ಲ, ಆ ಭಾರತೀಯ ವಿಜ್ಞಾನ ಸಂಸ್ಥೆಯ ಜೀವರಸಾಯನ ವಿಭಾಗದಲ್ಲಿ ಕೆ. ಮುನಿಯಪ್ಪ ಅವರ ಲ್ಯಾಬ್ ಹಾಪ್1 ಅನ್ನು ಶುದ್ಧ ಮಾಡಿ ತೆಗೆದು, ಕೋಶದ ಹೊರಗೆ ಅದು ಡಿಎನ್‌ಎ ಜೊತೆ ಏನು ಮಾಡುತ್ತದೆ ಅಂತ ವರ್ಷಗಟ್ಟಲೆ ನೋಡಿತು. 2000ದಲ್ಲಿ ಬ್ರೆಕ್ ಬೈಯರ್ಸ್ ಅವರ ಜೊತೆ ಸೇರಿ ಒಂದು ಪ್ರಬಂಧ ಬಂತು. ಡಿಎನ್‌ಎಯಲ್ಲಿ 'ಜಿ' ಅಕ್ಷರಗಳು ಜಾಸ್ತಿ ಇರುವ ಕಡೆ ನಾಲ್ಕು ಎಳೆ ಸೇರಿ ಒಂದು ವಿಚಿತ್ರ ಗಂಟು ಕಟ್ಟಿಕೊಳ್ಳುತ್ತವೆ. ಹಾಪ್1 ಆ ಗಂಟಿಗೆ ಗಟ್ಟಿಯಾಗಿ ಅಂಟುತ್ತದೆ, ಗಂಟು ಕಟ್ಟಿಕೊಳ್ಳುವುದಕ್ಕೂ ಸಹಾಯ ಮಾಡುತ್ತದೆ ಅಂತ ಅದರಲ್ಲಿ ತೋರಿಸಿದ್ದರು. ಹಾಪ್1 ಎರಡು ಡಿಎನ್‌ಎ ಎಳೆಗಳ ನಡುವೆ ಸೇತುವೆಯ ಹಾಗೆ ಕೂರಬಲ್ಲದು ಅನ್ನುವುದನ್ನೂ ಅದೇ ಲ್ಯಾಬ್ ಆಮೇಲೆ ತೋರಿಸಿತು. ತಿರುವನಂತಪುರದ ಐಸರ್‌ನಲ್ಲಿ (ಭಾರತೀಯ ವಿಜ್ಞಾನ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆ) ಕೆ.ಟಿ. ನಿಶಾಂತ್ ಅವರ ಲ್ಯಾಬ್ ಯೀಸ್ಟ್‌ನಲ್ಲೇ ಇದರ ಮುಂದಿನ ಹಂತ ಓದುತ್ತದೆ. ತುಂಡಾದದ್ದು ಕೊನೆಗೆ ಕ್ರಾಸ್‌ಓವರ್ ಆಗುವುದು ಹೇಗೆ ಅನ್ನುವುದು.

ಮಕ್ಕಳಿಗೆ ಇದನ್ನೂ ಹೇಳಿ ಮೇಡಂ. ಎಲ್ಲ ಸಿಯಾಟಲ್‌ನಲ್ಲಿ, ಯೇಲ್‌ನಲ್ಲಿ ನಡೆದದ್ದು ಅಂತ ಅವರಿಗೆ ಅನ್ನಿಸಬಾರದು.

ಬಿಎಸ್ಸಿ ಮೂರನೇ ವರ್ಷ

ಹಾಗಾದರೆ ಹಾಪ್1 ಕೆಂಪನ್ನೂ ನೀಲಿಯನ್ನೂ ಒಟ್ಟಿಗೆ ಅಂಟಿಸುವ ಗೋಂದು ಅನ್ನಬಹುದಾ? ಹೆಸರೂ ಹಾಗೇ ಇದೆ.

ಯೀಸ್ಟ್ ತಟ್ಟೆ

ಹೆಸರು ಹಾಗಿದೆ, ಆದರೆ ಜೀವಂತ ಕೋಶದಲ್ಲಿ ಗೋಂದಿನ ಕೆಲಸಕ್ಕೆ ಬೇರೆಯವರಿದ್ದಾರೆ. ಶುದ್ಧ ಮಾಡಿದ ಹಾಪ್1 ಟ್ಯೂಬಿನಲ್ಲಿ ಸೇತುವೆ ಕಟ್ಟುತ್ತದೆ ಅನ್ನುವುದು ನಿಜ, ಅದು ಮಹತ್ವದ ವಿಷಯ. ಕೋಶದೊಳಗೆ ಕೆಂಪು ನೀಲಿ ಪೂರ್ತಿ ಉದ್ದಕ್ಕೆ ಹತ್ತಿರ ಬಂದು ಅಂಟಿಕೊಳ್ಳುವಾಗ ನಡುವೆ ಹಲ್ಲು ಹಲ್ಲಾಗಿ ಕೂರುವುದು ಜಿಪ್1. ಹೆಸರೇ ಹೇಳುವ ಹಾಗೆ ಜಿಪ್ಪು. ಹೀಗೆ ಜಿಪ್ಪು ಹಾಕಿದ ರಚನೆಗೆ ಸಿನಾಪ್ಟೋನೀಮಲ್ ಕಾಂಪ್ಲೆಕ್ಸ್ ಅನ್ನುತ್ತಾರೆ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಇದು 1956ರಲ್ಲೇ ಕಂಡಿತ್ತು. ಮಾಂಟ್ರೋಸ್ ಮೋಸೆಸ್ ಅವರು ಸಿಹಿನೀರಿನ ಸಿಗಡಿಯಂಥ ಕ್ರೇಫಿಶ್‌ನ ವೃಷಣದಲ್ಲಿ ನೋಡಿದರು. ಎರಡು ಬೆನ್ನೆಲುಬುಗಳ ನಡುವಿನ ಅಂತರ ಸುಮಾರು 100 ನ್ಯಾನೋಮೀಟರ್.

ಜಿಪ್ಪು ಹಾಕಿದ ಮೇಲೆ ಏನಾಗುತ್ತದೆ ಅನ್ನುವುದೇ ನನಗೆ ಈ ಇಡೀ ಕಥೆಯಲ್ಲಿ ಅತ್ಯಂತ ಸುಂದರವಾಗಿ ಕಾಣುವ ಭಾಗ. ಜಿಪ್1 ಕೂತ ಜಾಗದಲ್ಲಿ ಪಿಸಿಎಚ್2 ಅನ್ನೋ ಪ್ರೋಟೀನ್ ಬಂದು ಹಾಪ್1 ಅನ್ನು ಬೆನ್ನೆಲುಬಿನಿಂದ ಬಿಡಿಸಿ ತೆಗೆಯುತ್ತದೆ. ಹಾಪ್1 ಹೋದರೆ ಸ್ಪೋ11 ಅಲ್ಲಿ ಮತ್ತೆ ಕತ್ತರಿಸುವುದಿಲ್ಲ. ಬಾಗಿಲು-ಮೆಕ್‌ಗೂ ಕೂರಲು ಜಾಗ ಇಲ್ಲ. ಅಂದರೆ ಜೊತೆಗಾರ ಸಿಕ್ಕ ಕ್ರೋಮೋಸೋಮಿನ ಮೇಲೆ ಕತ್ತರಿ ತಾನಾಗಿ ನಿಲ್ಲುತ್ತದೆ. ಸಿಗದ ಕ್ರೋಮೋಸೋಮಿನ ಮೇಲೆ ಹಾಪ್1 ಉಳಿದೇ ಇರುತ್ತದೆ, ಕತ್ತರಿಸುವುದು ಮುಂದುವರಿಯುತ್ತದೆ, ಇನ್ನೂ ಹುಡುಕುತ್ತದೆ. ಯಾರೂ ಮೇಲೆ ನಿಂತು ಲೆಕ್ಕ ಇಡುತ್ತಿಲ್ಲ. ಒಂದೊಂದು ಜೋಡಿಯೂ ತನ್ನ ಲೆಕ್ಕ ತಾನೇ ಮುಗಿಸುತ್ತದೆ.

ಕತ್ತರಿ ಹಾಕುವುದಕ್ಕೂ ಹಾಪ್1 ಬೇಕು. ಅದಿಲ್ಲದಿದ್ದರೆ ಕಡಿತಗಳು ಸುಮಾರು ಹತ್ತರಲ್ಲೊಂದು ಪಾಲಿಗೆ ಇಳಿಯುತ್ತವೆ. ಹಾಗಾಗಿ ಆರಂಭ ಮಾಡುವುದೂ ಹಾಪ್1, ದಾರಿ ತೋರಿಸುವುದೂ ಹಾಪ್1, ಅದನ್ನು ತೆಗೆದರೆ ಮುಗಿಯುವುದೂ ಅಲ್ಲೇ.

ಗದ್ದೆ ಬದು

ನಾನು ಮಂಡ್ಯದ ಕಡೆಯವನು, ಬಿತ್ತನೆ ತಳಿ ವಿಷಯ ಓದುತ್ತಿದ್ದೇನೆ. ನಮಗೆ ಈ ಕ್ರಾಸ್‌ಓವರ್ ದಿನನಿತ್ಯದ ತಲೆನೋವು. ಕಾಡು ಭತ್ತದಿಂದ ರೋಗ ತಡೆಯುವ ಒಂದು ಗುಣ ತರಬೇಕು ಅಂತಿಟ್ಟುಕೊಳ್ಳಿ. ಅದರ ಪಕ್ಕದಲ್ಲೇ ಕಾಳು ಉದುರುವ ಗುಣ ಕೂತಿದ್ದರೆ ಎರಡೂ ಒಟ್ಟಿಗೇ ಬರುತ್ತವೆ. ನಡುವೆ ಒಂದು ಕ್ರಾಸ್‌ಓವರ್ ಬೀಳುವವರೆಗೆ ತಲೆಮಾರುಗಟ್ಟಲೆ ಕಾಯಬೇಕು, ಸಾವಿರಾರು ಸಸಿ ನೋಡಬೇಕು. ಯೀಸ್ಟ್‌ನಲ್ಲಿ ಕಂಡದ್ದು ಭತ್ತಕ್ಕೂ ಅನ್ವಯ ಆಗುತ್ತದಾ? ಎಲ್ಲಿ ಕತ್ತರಿಸಬೇಕು ಅನ್ನುವುದನ್ನು ನಾವು ಬದಲಾಯಿಸಬಹುದಾ?

ಯೀಸ್ಟ್ ತಟ್ಟೆ

ಭತ್ತದಲ್ಲಿ ಹಾಪ್1ರ ಜಾಗದಲ್ಲಿರುವುದು ಪೇರ್2. ಅದು ಕೆಟ್ಟರೆ ಗಿಡ ಬಂಜೆ. ಅರಾಬಿಡಾಪ್ಸಿಸ್ ಅನ್ನೋ ಸಾಸಿವೆ ಜಾತಿಯ ಗಿಡದಲ್ಲಿ ಎಎಸ್‌ವೈ1. ಮನುಷ್ಯರಲ್ಲಿ ಹಾರ್ಮ್ಯಾಡ್1 ಮತ್ತು ಹಾರ್ಮ್ಯಾಡ್2. ಶುರುವಿನ ಒಂದು ಭಾಗದ ಮಡಿಕೆ ಎಲ್ಲದರಲ್ಲೂ ಒಂದೇ. ಅದು ಸೀಟ್ ಬೆಲ್ಟ್ ಥರ ಇನ್ನೊಂದು ಪ್ರೋಟೀನಿನ ತುಂಡನ್ನು ಸುತ್ತಿ ಹಿಡಿಯುತ್ತದೆ.

ಎಲ್ಲಿ ಕತ್ತರಿಸುವುದು ಅನ್ನುವ ಪ್ರಶ್ನೆಗೆ ಯೀಸ್ಟ್ ಒಂದು ಒಗಟನ್ನೇ ಕೊಟ್ಟಿತ್ತು. ಕಡಿತಗಳು ಬೀಳುವುದು ಹೆಚ್ಚಾಗಿ ಜೀನ್ ಶುರುವಾಗುವ ಜಾಗದಲ್ಲಿ, ಡಿಎನ್‌ಎ ತೆರೆದುಕೊಂಡಿರುವ ಕಡೆ. ಅದು ಇರುವುದು ಕುಣಿಕೆಯಲ್ಲಿ. ಆದರೆ ಕತ್ತರಿಗೆ ಬೇಕಾದ ಜೊತೆಗಾರರು, ಅಂದರೆ ರೆಕ್114, ಮೀ4, ಮರ್2, ಕೂತಿರುವುದು ಬೆನ್ನೆಲುಬಿನ ಮೇಲೆ. ಎರಡೂ ಬೇರೆ ಬೇರೆ ಜಾಗ. ಹಾಗಾದರೆ ಕೆಲಸ ನಡೆಯುವುದು ಹೇಗೆ? 2013ರಲ್ಲಿ ಪ್ಯಾರಿಸ್‌ನ ಒಂದು ಗುಂಪು, ಮಾರ್ಸೇಯ ಒಂದು ಗುಂಪು ಉತ್ತರ ಕೊಟ್ಟವು. ಎಸ್‌ಪಿಪಿ1 ಅನ್ನೋ ಪ್ರೋಟೀನ್ ಒಂದು ಕೈಯಲ್ಲಿ ಜೀನಿನ ಶುರುವಿನಲ್ಲಿರುವ ಹಿಸ್ಟೋನ್ (ಡಿಎನ್‌ಎ ಸುತ್ತಿಕೊಂಡಿರುವ ಪ್ರೋಟೀನ್) ಮೇಲಿನ ಗುರುತನ್ನು ಹಿಡಿಯುತ್ತದೆ, ಇನ್ನೊಂದು ಕೈಯಲ್ಲಿ ಬೆನ್ನೆಲುಬಿನ ಮರ್2 ಅನ್ನು ಹಿಡಿಯುತ್ತದೆ. ಕುಣಿಕೆ ಎಳೆದು ನಾರಿನ ಹತ್ತಿರ ತರುತ್ತದೆ. ಅಲ್ಲಿ ಕತ್ತರಿ ಬೀಳುತ್ತದೆ. ಎಸ್‌ಪಿಪಿ1 ಅನ್ನು ಬೇಕಾದ ಜಾಗಕ್ಕೆ ಕಟ್ಟಿಹಾಕಿದರೆ ಮಾಮೂಲಿಯಾಗಿ ಕಡಿತ ಬೀಳದ ಜಾಗದಲ್ಲೂ ಬೀಳುತ್ತದೆ ಅಂತ ತೋರಿಸಿದರು.

ಭತ್ತದಲ್ಲಿ ಹಾಗೆ ಜಾಗ ಗುರಿಯಿಟ್ಟು ಮಾಡುವುದು ಕಷ್ಟದ ಕೆಲಸ. ಒಟ್ಟು ಕ್ರಾಸ್‌ಓವರ್ ಹೆಚ್ಚಿಸುವುದು ಮಾತ್ರ ಆಗಿದೆ. ಕ್ರಾಸ್‌ಓವರ್ ಆಗದಂತೆ ಎಳೆಗಳನ್ನು ಬಿಡಿಸುವ ರೆಕ್‌ಕ್ಯೂ4 ಅನ್ನೋ ಪ್ರೋಟೀನನ್ನು ತೆಗೆದಾಗ ಭತ್ತ, ಬಟಾಣಿ, ಟೊಮೆಟೊ ಮೂರರಲ್ಲೂ ಕ್ರಾಸ್‌ಓವರ್ ಸುಮಾರು ಮೂರು ಪಟ್ಟು ಆಯಿತು ಅಂತ 2018ರಲ್ಲಿ ಪ್ರಕಟವಾಯಿತು. ಅದರ ಯೀಸ್ಟ್ ನೆಂಟ ಎಸ್‌ಜಿಎಸ್1. ಬೇಕರಿ ಯೀಸ್ಟ್‌ನಲ್ಲಿ ಕಲಿತದ್ದು ಗದ್ದೆಯವರೆಗೆ ಬಂದಿದೆ ಅಂತ ಧೈರ್ಯವಾಗಿ ಹೇಳಬಹುದು.

ಗದ್ದೆ ಬದು

ಮೂರು ಪಟ್ಟು ಅಂದರೆ ನಮಗೆ ವರ್ಷಗಳೇ ಉಳಿಯುತ್ತವೆ. ನಮ್ಮ ಗೈಡ್ ಹತ್ತಿರ ಮಾತಾಡುತ್ತೇನೆ. ಥ್ಯಾಂಕ್ಸ್ ಅಣ್ಣಾ.

ಡಾಕ್ಟರಮ್ಮ

ನಾನು ಹೆರಿಗೆ ತಜ್ಞೆ. ಈ ಚರ್ಚೆ ಓದುತ್ತಾ ದಿನವೂ ನೋಡುವ ತಾಯಂದಿರ ಮುಖ ನೆನಪಾಯಿತು. ಹೆಣ್ಣುಮಗು ತಾಯಿಯ ಹೊಟ್ಟೆಯಲ್ಲಿ ಇರುವಾಗಲೇ ಅದರ ಅಂಡಕೋಶಗಳಲ್ಲಿ ಮಿಯೋಸಿಸ್ ಶುರುವಾಗುತ್ತದೆ. ಕ್ರಾಸ್‌ಓವರ್ ಗಂಟುಗಳು ಆಗಲೇ ಬೀಳುತ್ತವೆ. ಆಮೇಲೆ ಎಲ್ಲವೂ ಅಲ್ಲಿಗೇ ನಿಲ್ಲುತ್ತದೆ, ಹದಿನೈದು, ಮೂವತ್ತು, ನಲವತ್ತು ವರ್ಷ. ಆ ಗಂಟನ್ನು ಅಷ್ಟು ವರ್ಷ ಹಿಡಿದಿಡಬೇಕಾದದ್ದು ಮೇಲೆ ಹೇಳಿದ ರೆಕ್8 ಉಂಗುರಗಳು. ಇಲಿಗಳಲ್ಲಿ ನೋಡಿದಾಗ ಒಮ್ಮೆ ಹಾಕಿದ ಉಂಗುರಗಳನ್ನು ಮತ್ತೆ ಹೊಸದಾಗಿ ಹಾಕುವುದು ಕಾಣಲಿಲ್ಲ. ವಯಸ್ಸಾದ ಹಾಗೆ ಡೌನ್ ಸಿಂಡ್ರೋಮ್ ಸಾಧ್ಯತೆ ಜಾಸ್ತಿಯಾಗುವುದಕ್ಕೆ ಇದು ಒಂದು ಮುಖ್ಯ ಕಾರಣ. 21ನೇ ಕ್ರೋಮೋಸೋಮಿನ ಮೇಲೆ ಕ್ರಾಸ್‌ಓವರ್ ಬೀಳದೇ ಹೋಗಿರುವುದು ಅಥವಾ ಸರಿಯಲ್ಲದ ಜಾಗದಲ್ಲಿ ಬಿದ್ದಿರುವುದು ಇನ್ನೊಂದು.

ತಾಯಂದಿರು ಕೇಳುತ್ತಾರೆ, "ನಾನೇನು ತಪ್ಪು ಮಾಡಿದೆ ಡಾಕ್ಟ್ರೇ?" ಅಂತ. ಆ ಗಂಟು ಬಿದ್ದದ್ದು ನೀವು ಹುಟ್ಟುವ ಮೊದಲು, ನಿಮ್ಮ ಕೈಯಲ್ಲಿ ಏನೂ ಇರಲಿಲ್ಲ ಅಂತ ಹೇಳುತ್ತೇನೆ. ಕೆಲವರ ಮುಖ ಆಗ ಸ್ವಲ್ಪ ಸಡಿಲವಾಗುತ್ತದೆ.

ಒಂದು ಪ್ರಶ್ನೆ. 21 ನಮ್ಮಲ್ಲಿ ತೀರಾ ಸಣ್ಣ ಕ್ರೋಮೋಸೋಮು. ಯೀಸ್ಟ್‌ನಲ್ಲೂ ಸಣ್ಣವು ಕ್ರಾಸ್‌ಓವರ್ ತಪ್ಪಿಸಿಕೊಳ್ಳುತ್ತವಾ?

ಯೀಸ್ಟ್ ತಟ್ಟೆ

ಮೇಡಂ, ನೀವು ಬರೆದದ್ದು ಓದಿ ಸ್ವಲ್ಪ ಹೊತ್ತು ಏನೂ ಬರೆಯಲಾಗಲಿಲ್ಲ.

ಯೀಸ್ಟ್‌ನ ಒಂದನೇ ಕ್ರೋಮೋಸೋಮ್ ಸುಮಾರು 2 ಲಕ್ಷ 30 ಸಾವಿರ ಅಕ್ಷರ. ನಾಲ್ಕನೆಯದು 15 ಲಕ್ಷ. ಕಡಿತಗಳು ಉದ್ದಕ್ಕೆ ತಕ್ಕ ಹಾಗೆ ಹಂಚಿಕೊಂಡರೆ ಒಂದನೆಯದು ಎಷ್ಟೋ ಸಲ ಬರಿಗೈ ಆಗಬೇಕಿತ್ತು. ಹಾಗೆ ಆಗುವುದು ಬಹಳ ಕಮ್ಮಿ. ಮೂರು ಸಣ್ಣ ಕ್ರೋಮೋಸೋಮ್‌ಗಳ ಮೇಲೆ, ಅಂದರೆ 1, 3, 6ರ ಮೇಲೆ, ಉದ್ದಕ್ಕೆ ಹೋಲಿಸಿದರೆ ಹಾಪ್1, ರೆಡ್1 ಜಾಸ್ತಿ ಕೂರುತ್ತವೆ. ಹಾಗಾಗಿ ಕಡಿತವೂ ಜಾಸ್ತಿ. ಜೊತೆಗೆ ಇನ್ನೊಂದು ಕಾರಣ 2019ರಲ್ಲಿ ಸ್ಪಷ್ಟವಾಯಿತು. ಪಿಸಿಎಚ್2 ಹಾಪ್1 ಅನ್ನು ತೆಗೆಯುತ್ತದೆ ಅಂದೆನಲ್ಲ, ಕ್ರೋಮೋಸೋಮಿನ ಎರಡು ತುದಿಗಳಲ್ಲಿ, ಸುಮಾರು ಒಂದೊಂದು ಲಕ್ಷ ಅಕ್ಷರದಷ್ಟು ದೂರ, ಹಾಪ್1 ತಡವಾಗಿಯೂ ಉಳಿಯುತ್ತದೆ. ಉದ್ದ ಕ್ರೋಮೋಸೋಮಿಗೆ ಅದು ಬರೀ ಅಂಚು. ಒಂದನೇ ಕ್ರೋಮೋಸೋಮಿಗೆ ಎರಡು ತುದಿ ಸೇರಿದರೆ 2 ಲಕ್ಷ, ಅಂದರೆ ಹೆಚ್ಚೂ ಕಡಿಮೆ ಅದರ ಇಡೀ ಮೈ. ಸಣ್ಣದಕ್ಕೆ ಹೊತ್ತು ಜಾಸ್ತಿ ಸಿಕ್ಕ ಹಾಗಾಯಿತು.

ತುಮಕೂರು ಬಯಾಲಜಿ

ಇವತ್ತು ಪಾಠ ಮಾಡಿದೆ. ಎರಡು ಕೆಂಪು ದಾರ, ಎರಡು ನೀಲಿ ದಾರ ತಂದಿದ್ದೆ. ಬಾಳೆನಾರು ಒಬ್ಬ ಹುಡುಗ ಮನೆಯಿಂದ ತಂದಿದ್ದ. ಇಬ್ಬರು ಹುಡುಗಿಯರು ಹೂ ಕಟ್ಟುವ ಹಾಗೆಯೇ ದಾರವನ್ನು ಕುಣಿಕೆ ಮಾಡಿ ನಾರಿಗೆ ಕಟ್ಟಿದರು, ನನಗಿಂತ ಚೆನ್ನಾಗಿ. ಹಾಪ್1ಕ್ಕೆ ಗುಂಡುಪಿನ್ನು ಚುಚ್ಚಿದೆವು. ಕತ್ತರಿ ಹಾಕಿದ ಮೇಲೆ ತುದಿಯನ್ನು ಪಕ್ಕದ ಕೆಂಪಿಗೆ ಕಟ್ಟಬಾರದು ಅನ್ನುವುದು ನಿಯಮ. ಜೋಡಿ ಆದ ಕಡೆ ಪಿನ್ನು ತೆಗೆಯಬೇಕು. ಪಿನ್ನಿಲ್ಲದ ಕಡೆ ಕತ್ತರಿ ಹಾಕುವ ಹಾಗಿಲ್ಲ. 45 ನಿಮಿಷ ಹೇಗೆ ಹೋಯಿತೋ ಗೊತ್ತಾಗಲಿಲ್ಲ.

ಆ ಹುಡುಗಿ ಕೊನೆಗೆ ಮತ್ತೆ ಕೈ ಎತ್ತಿದಳು. "ಮಿಸ್, ಕೆಂಪೂ ನೀಲಿಯೂ ಒಂದೇ ಜಾಗದಲ್ಲಿ ತುಂಡಾದರೆ ಯಾವುದನ್ನು ನೋಡಿ ಯಾವುದನ್ನು ಸರಿ ಮಾಡೋದು?"

ಯೀಸ್ಟ್ ತಟ್ಟೆ

ಹೌದು, ಹಾಗೆ ಆಗಬಾರದು. ಅದನ್ನು ತಡೆಯುವುದು ಮೇಲೆ ಬಂದ ಟೆಲ್1. ಒಂದು ಕಡೆ ಕಡಿತ ಬಿದ್ದ ಕೂಡಲೇ ಟೆಲ್1 ಎಚ್ಚರಗೊಂಡು ಅದೇ ಎಳೆಯ ಮೇಲೆ ಆಚೀಚೆ ಇನ್ನೊಂದು ಕಡಿತ ಬೀಳದ ಹಾಗೆ ನೋಡಿಕೊಳ್ಳುತ್ತದೆ. ಉಳಿದ ಮೂರು ಎಳೆಗಳಲ್ಲೂ ಅದೇ ಜಾಗಕ್ಕೆ ಕತ್ತರಿ ಬೀಳದಂತೆ ತಡೆಯುವುದರಲ್ಲಿ ಟೆಲ್1ರ ಜೊತೆ ಗಂಟೆ-ಮೆಕ್‌ನ ಕೈಯೂ ಇದೆ. ಟೆಲ್1 ತೆಗೆದ ಯೀಸ್ಟ್‌ನಲ್ಲಿ ಒಂದೇ ಎಳೆಯ ಮೇಲೆ ಹತ್ತಿರ ಹತ್ತಿರವೇ ಎರಡು ಕಡಿತ ಬೀಳುವುದು ಕಾಣುತ್ತದೆ.

ಮನುಷ್ಯರಲ್ಲೂ ಇಲಿಗಳಲ್ಲೂ ಟೆಲ್1ರ ಜಾಗದಲ್ಲಿರುವ ಪ್ರೋಟೀನಿನ ಹೆಸರು ಎಟಿಎಂ. ಅದಿಲ್ಲದ ಗಂಡು ಇಲಿಗಳ ವೃಷಣದಲ್ಲಿ ಸ್ಪೋ11 ಹಾಕುವ ಕಡಿತಗಳು ಹತ್ತು ಪಟ್ಟಿಗಿಂತ ಜಾಸ್ತಿಯಾದವು ಅಂತ 2011ರಲ್ಲಿ ಕೀನಿ ಅವರ ಲ್ಯಾಬ್ ತೋರಿಸಿತು. ಆ ಇಲಿಗಳಿಗೆ ಮರಿ ಆಗುವುದಿಲ್ಲ.

ಪಿನ್ನಿನ ಆಟಕ್ಕೆ ಒಂದು ನಿಯಮ ಸೇರಿಸಿ ಮೇಡಂ. ಒಬ್ಬರು ಕತ್ತರಿ ಹಾಕಿದ ಜಾಗದ ಎದುರಿಗಿರುವ ಮೂರೂ ದಾರಕ್ಕೆ ಅಲ್ಲೇ ಒಂದು ಬಿಳಿ ಕಾಗದದ ಚೂರು ಅಂಟಿಸಲಿ. ಅಲ್ಲಿ ಇನ್ಯಾರೂ ಕತ್ತರಿಸುವ ಹಾಗಿಲ್ಲ.

ತುಮಕೂರು ಬಯಾಲಜಿ

ಸೋಮವಾರ ಮೊದಲ ಪೀರಿಯಡ್ ನನ್ನದೇ. ಬಿಳಿ ಕಾಗದ ತಗೊಂಡು ಹೋಗುತ್ತೇನೆ.